ದ್ವೀಪದ ಸರ್ಕಾರಿ ವಿದ್ಯುತ್ ಸಂಸ್ಥೆಯ ಟೆಂಡರ್: ಕಡಿಮೆ ದರ ಕೊಟ್ಟರೂ ಯಾಕೆ ಸಿಗುತ್ತಿಲ್ಲ?

ನೀವು ಕೇಳಿದ್ದು ಇಷ್ಟು: ನಿಮ್ಮದು ವಿತರಣಾ ಟ್ರಾನ್ಸ್‌ಫಾರ್ಮರ್, ಇನ್ಸುಲೇಟರ್, ಕಂಬದ ಫಿಟ್ಟಿಂಗ್ ತಯಾರಿಸುವ ಕಂಪನಿ. ದ್ವೀಪವೊಂದರ ಸರ್ಕಾರಿ ವಿದ್ಯುತ್ ಸಂಸ್ಥೆಗೆ ಎರಡು ಸಲ ಬಿಡ್ ಹಾಕಿದಿರಿ. ಎರಡು ಸಲವೂ ನಿಮ್ಮ ದರವೇ ಕಡಿಮೆ, ಆದರೂ ಆರ್ಡರ್ ಬೇರೆಯವರಿಗೆ ಹೋಯಿತು.

ದರ ಕಡಿಮೆ ಇದ್ದೂ ಸೋತಿದ್ದೀರಿ ಎಂದರೆ, ಸೋತದ್ದು ಒಂದೋ ಕಾಗದಪತ್ರದಲ್ಲಿ, ಇಲ್ಲವೇ ತಾಂತ್ರಿಕ ಪರಿಶೀಲನೆಯಲ್ಲಿ, ಅದೂ ಅಲ್ಲದಿದ್ದರೆ ಮೌಲ್ಯಮಾಪನದ ಲೆಕ್ಕದಲ್ಲಿ. ಅಲ್ಲಿನ ಎಂಜಿನಿಯರ್‌ಗೆ ಇರುವ ಆತಂಕ ಒಂದೇ: ಈ ಸಾಮಾನು ಕೆಟ್ಟರೆ ಇನ್ನೊಂದು ಬರುವುದು ಮುಂದಿನ ಹಡಗಿಗೆ, ಅಲ್ಲಿಯವರೆಗೆ ಸಾಲ ಕೇಳಲು ಪಕ್ಕದ ಗ್ರಿಡ್ ಕೂಡ ಇಲ್ಲ. ನಿಮ್ಮ ಬಿಡ್ ಆ ಆತಂಕಕ್ಕೆ ಉತ್ತರ ಕೊಡಬೇಕು.

ಕಾಗದಪತ್ರದ ವಿಷಯ ಬೇಗ ಮುಗಿಸುತ್ತೇನೆ. ಬಿಡ್ ಸೆಕ್ಯೂರಿಟಿಯ (ಬಿಡ್ ಜೊತೆ ಕೊಡುವ ಭದ್ರತಾ ಖಾತರಿಯ) ಅವಧಿಯನ್ನು ಮೊದಲು ನೋಡಿ. ವಿಶ್ವಬ್ಯಾಂಕ್ ಮಾದರಿಯ ಟೆಂಡರ್‌ಗಳಲ್ಲಿ ಅದು ಬಿಡ್‌ನ ಮಾನ್ಯತೆ ಮುಗಿದ ಮೇಲೂ 28 ದಿನ ಜಾರಿಯಲ್ಲಿರಬೇಕು. ಒಂದು ದಿನ ಕಡಿಮೆಯಾದರೂ ಬಿಡ್ ತಿರಸ್ಕೃತ. ಟೆಂಡರ್ ಕರೆದ ಮೇಲೆ ಸಂಸ್ಥೆ ಹೊರಡಿಸುವ ಪ್ರತಿಯೊಂದು ತಿದ್ದುಪಡಿಗೂ ಸಹಿ ಹಾಕಿ ಲಗತ್ತಿಸಿ. ನೀವೇ ತಯಾರಿಸದ ಭಾಗ ಇದ್ದರೆ ತಯಾರಕರ ಅಧಿಕಾರ ಪತ್ರ ಇರಲೇಬೇಕು. ಟೈಪ್ ಟೆಸ್ಟ್ (ವಿನ್ಯಾಸವನ್ನು ಒಂದು ಮಾದರಿಯ ಮೇಲೆ ಪರೀಕ್ಷಿಸುವುದು) ವರದಿ ನೀವು ಕೊಡುತ್ತಿರುವ ಅದೇ ರೇಟಿಂಗ್‌ನದ್ದಾಗಿರಲಿ, 'ಅದೇ ರೀತಿಯ' ಬೇರೆ ಮಾದರಿಯದ್ದು ಬೇಡ. ಆವರ್ತನವನ್ನಂತೂ ಊಹಿಸಲೇಬೇಡಿ. ಕೆರಿಬಿಯನ್ ಒಂದರಲ್ಲೇ ಬಾರ್ಬಡೋಸ್, ಜಮೈಕಾ 50 ಹರ್ಟ್ಸ್. ಪೋರ್ಟೊ ರಿಕೊ 60. 60ಕ್ಕೆಂದು ಮಾಡಿದ ಟ್ರಾನ್ಸ್‌ಫಾರ್ಮರ್‌ಗೆ ಅದೇ ವೋಲ್ಟೇಜನ್ನು 50ರಲ್ಲಿ ಕೊಟ್ಟರೆ ಕೋರ್‌ನ ಫ್ಲಕ್ಸ್ (ಕಾಂತೀಯ ಹರಿವು) ಶೇ 20ರಷ್ಟು ಏರಿ ಅದು ಸ್ಯಾಚುರೇಟ್ ಆಗುತ್ತದೆ, ಅಂದರೆ ಕೋರ್ ಹೊರಬಲ್ಲ ಮಿತಿ ಮೀರುತ್ತದೆ.

ಹೆಚ್ಚಿನವರು ಕೈಸುಟ್ಟುಕೊಳ್ಳುವುದು ಉಪ್ಪಿನ ವಿಷಯದಲ್ಲಿ. ಕಡಲತೀರದ ಗಾಳಿ, ತುಕ್ಕಿನ ತೀವ್ರತೆಯನ್ನು ವರ್ಗೀಕರಿಸುವ ಐಎಸ್‌ಒ 9223ರ ಪ್ರಕಾರ ಸಾಮಾನ್ಯವಾಗಿ ಸಿ5 ವರ್ಗಕ್ಕೆ ಬರುತ್ತದೆ, ಅಲೆಯ ತುಂತುರು ನೇರ ತಾಗುವಲ್ಲಿ ಸಿಎಕ್ಸ್. ಆರು ಮಿಲಿಮೀಟರಿಗಿಂತ ದಪ್ಪದ ಉಕ್ಕಿಗೆ ಐಎಸ್‌ಒ 1461 ಕೇಳುವ ಸತುವಿನ ಲೇಪ ಸರಾಸರಿ 85 ಮೈಕ್ರಾನ್. ಸಿ5ರಲ್ಲಿ ಸತು ವರ್ಷಕ್ಕೆ 4.2ರಿಂದ 8.4 ಮೈಕ್ರಾನ್ ಸವೆಯುತ್ತದೆ. ಅಂದರೆ ಒಳನಾಡಿನಲ್ಲಿ ದಶಕಗಟ್ಟಲೆ ಬಾಳುವ ಬ್ರಾಕೆಟ್ ಇಲ್ಲಿ 10ರಿಂದ 20 ವರ್ಷದಲ್ಲಿ ಬೆತ್ತಲಾಗುತ್ತದೆ. ಸಿಎಕ್ಸ್‌ನಲ್ಲಿ ಇನ್ನೂ ಬೇಗ. ಹಾಗಾಗಿ 'ಗ್ಯಾಲ್ವನೈಸ್ ಮಾಡಿದೆ' ಎಂದಷ್ಟೇ ಬರೆದರೆ ಸಾಲದು. ಎಷ್ಟು ಮೈಕ್ರಾನ್, ಅದರ ಮೇಲೆ ಯಾವ ಪೇಂಟ್ ವ್ಯವಸ್ಥೆ, ಬೋಲ್ಟ್ 304 ಸ್ಟೇನ್‌ಲೆಸ್ಸೋ 316ಓ, ಎಲ್ಲ ಬರೆಯಿರಿ. ನನ್ನ ಮಟ್ಟಿಗೆ ಕಡಲ ಬದಿಗೆ 304 ಕೊಡಲೇಬಾರದು, ಚುಕ್ಕೆ ಚುಕ್ಕೆಯಾಗಿ ತುಕ್ಕು ಹಿಡಿಯುತ್ತದೆ.

ಇನ್ಸುಲೇಟರ್ ಕಥೆಯೂ ಇದೇ. 11 ಕೆವಿ ಲೈನಿನ ಗರಿಷ್ಠ ವೋಲ್ಟೇಜ್ 12 ಕೆವಿ ಎಂದು ಹಿಡಿದರೆ ಫೇಸ್‌ನಿಂದ ನೆಲಕ್ಕೆ 6.93 ಕೆವಿ. ಐಇಸಿ 60815ರ ಮಧ್ಯಮ ಮಾಲಿನ್ಯ ವರ್ಗಕ್ಕೆ ಪ್ರತಿ ಕೆವಿಗೆ 34.7 ಮಿಮೀ ಕ್ರೀಪೇಜ್ (ಇನ್ಸುಲೇಟರಿನ ಮೇಲ್ಮೈಗುಂಟ ಅಳೆದ ದೂರ), ಅಂದರೆ ಸುಮಾರು 240 ಮಿಮೀ. ಅತಿ ಹೆಚ್ಚಿನ ವರ್ಗಕ್ಕೆ 53.7 ಮಿಮೀ, ಅಂದರೆ 372. ಕ್ಯಾಟಲಾಗಿನ ಸಾಮಾನ್ಯ ಇನ್ಸುಲೇಟರಿನ ದರ ಹಾಕಿ ನೀವು ಕಡಿಮೆ ಬಿಡ್‌ದಾರರಾಗಿದ್ದರೆ, ಉಪ್ಪಿನ ಪದರ ತೇವವಾದ ರಾತ್ರಿ ಫ್ಲ್ಯಾಶ್‌ಓವರ್ ಆಗಿ (ಇನ್ಸುಲೇಟರಿನ ಮೇಲ್ಮೈ ಮೇಲೆ ವಿದ್ಯುತ್ ಹಾರಿ) ಲೈನ್ ಟ್ರಿಪ್ ಆಗುವುದು ನಿಮ್ಮ ಸಾಮಾನಿನ ಮೇಲೇ. ಈ ಸಣ್ಣ ಲೆಕ್ಕವನ್ನು ತಾಂತ್ರಿಕ ಬಿಡ್‌ನಲ್ಲೇ ಬಿಡಿಸಿ ತೋರಿಸಿ.

ಇನ್ನು ಟ್ರಾನ್ಸ್‌ಫಾರ್ಮರ್‌ಗೆ ಬರೋಣ. ಟೆಂಡರ್‌ನಲ್ಲಿ 'ನಷ್ಟದ ಬಂಡವಾಳೀಕರಣ' ಎಂಬ ಷರತ್ತು ಇದೆಯೇ ನೋಡಿ. ಇದ್ದರೆ ಹೋಲಿಕೆ ನಡೆಯುವುದು ಖರೀದಿ ಬೆಲೆ, ಅದಕ್ಕೆ ನೋ-ಲೋಡ್ ನಷ್ಟ (ಲೋಡ್ ಇಲ್ಲದಿದ್ದರೂ ಸದಾ ಆಗುವ ನಷ್ಟ) ಗುಣಿಸು ಎ, ಅದಕ್ಕೆ ಲೋಡ್ ನಷ್ಟ ಗುಣಿಸು ಬಿ ಕೂಡಿಸಿ ಬಂದ ಮೊತ್ತದ ಮೇಲೆ. ಎ, ಬಿ ಎಂದರೆ ಆ ನಷ್ಟದ ಪ್ರತಿ ವ್ಯಾಟ್‌ಗೆ ಸಂಸ್ಥೆ ಕಟ್ಟುವ ಬೆಲೆ. ಡೀಸೆಲ್‌ನಲ್ಲಿ ಓಡುವ ದ್ವೀಪದಲ್ಲಿ ಎ ದೊಡ್ಡದಾಗಿಯೇ ಇರುತ್ತದೆ. ನಿಮ್ಮ ಟ್ರಾನ್ಸ್‌ಫಾರ್ಮರ್‌ನ ನೋ-ಲೋಡ್ ನಷ್ಟ ಎದುರಾಳಿಯದ್ದಕ್ಕಿಂತ 300 ವ್ಯಾಟ್ ಹೆಚ್ಚಿದೆ ಎನ್ನಿ. ವರ್ಷದ 8,760 ಗಂಟೆಗೆ ಅದು 2,628 ಯೂನಿಟ್. ಲೀಟರಿಗೆ ನಾಲ್ಕು ಯೂನಿಟ್ ಹಿಡಿದರೂ 650 ಲೀಟರಿಗೂ ಮಿಕ್ಕಿದ ಡೀಸೆಲ್. 25 ವರ್ಷಕ್ಕೆ 16,000 ಲೀಟರ್ ದಾಟುತ್ತದೆ. ಒಂದೇ ಟ್ರಾನ್ಸ್‌ಫಾರ್ಮರ್‌ಗೆ! ಕಡಿಮೆ ದರದವರು ಸೋಲುವುದು ಬಹಳ ಸಲ ಇಲ್ಲೇ. ಎ ಮತ್ತು ಬಿ ಎಷ್ಟೆಂದು ದಾಖಲೆಯಲ್ಲಿ ಇಲ್ಲದಿದ್ದರೆ ಸ್ಪಷ್ಟೀಕರಣದ ಗಡುವಿನೊಳಗೆ ಲಿಖಿತವಾಗಿ ಕೇಳಿ, ಆಮೇಲೆ ಕೋರ್ ಉಕ್ಕಿನ ದರ್ಜೆ ನಿರ್ಧರಿಸಿ. ಖಾತರಿ ಕೊಟ್ಟ ನಷ್ಟಕ್ಕಿಂತ ಪರೀಕ್ಷೆಯಲ್ಲಿ ಹೆಚ್ಚು ಬಂದರೆ ದಂಡ ಬೀಳುತ್ತದೆ, ಆದ್ದರಿಂದ ಕಾಗದದ ಮೇಲೆ ನಷ್ಟ ಇಳಿಸಿ ಬರೆಯುವ ದಾರಿ ಬೇಡ.

ಸಾಗಣೆಯ ಭಾಗವನ್ನು ಏಜೆಂಟರ ಮೇಲೆ ಬಿಟ್ಟು ಕೈತೊಳೆದುಕೊಳ್ಳಬೇಡಿ. ಬಂದರಿನ ಕ್ರೇನ್ ಎಷ್ಟು ಟನ್ ಎತ್ತುತ್ತದೆ, ಹಡಗು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಎಲ್ಲಿ ಸರಕು ಬದಲಾಗುತ್ತದೆ ಎಂದು ಬಿಡ್ ಹಾಕುವ ಮೊದಲೇ ತಿಳಿದುಕೊಳ್ಳಿ. ತಲುಪಿಸುವ ದಿನ ಲೆಕ್ಕ ಹಾಕುವಾಗ ಒಂದು ಹಡಗು ತಪ್ಪಿದರೂ ಸಾಲುವಷ್ಟು ಬಿಡುವು ಇಟ್ಟುಕೊಳ್ಳಿ. ದ್ವೀಪ ದಕ್ಷಿಣ ಪೆಸಿಫಿಕ್‌ನಲ್ಲಿದ್ದರೆ ನವೆಂಬರ್‌ನಿಂದ ಏಪ್ರಿಲ್, ಕೆರಿಬಿಯನ್‌ನಲ್ಲಿದ್ದರೆ ಜೂನ್‌ನಿಂದ ನವೆಂಬರ್ ಚಂಡಮಾರುತದ ಕಾಲ. ತಡಕ್ಕೆ ವಾರಕ್ಕೆ ಶೇ 0.5ರಂತೆ ಶೇ 10ರವರೆಗೆ ಎಲ್‌ಡಿ (ತಡಕ್ಕೆ ಮೊದಲೇ ಗೊತ್ತುಮಾಡಿದ ಪರಿಹಾರ) ಕಡಿತ ಮಾಡುವ ಕರಾರುಗಳು ಸಾಮಾನ್ಯ. ಲಾಭ ಅಲ್ಲೇ ಕರಗುತ್ತದೆ.

ಮರದ ಪ್ಯಾಕಿಂಗ್ ಕಡೆ ವಿಶೇಷ ಗಮನ ಕೊಡಿ. ಹೊರಗಿನ ಕೀಟಗಳಿಗೆ ದ್ವೀಪಗಳು ತುಂಬಾ ಹೆದರುತ್ತವೆ, ಅದು ನ್ಯಾಯವೂ ಹೌದು. ಮರದ ಪ್ಯಾಕಿಂಗ್‌ನ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಪಿಎಂ 15ರಂತೆ ಮರದ ತಿರುಳೂ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸತತ 30 ನಿಮಿಷ ಬಿಸಿಯಾಗಿರಬೇಕು, ಎಚ್‌ಟಿ (ಬಿಸಿ ಉಪಚಾರ ಆಗಿದೆ ಎಂಬ) ಮುದ್ರೆ ಕಾಣುವಂತಿರಬೇಕು. ಪೆಟ್ಟಿಗೆಯ ಹೊರಗೆ ಮುದ್ರೆಯಿದ್ದು, ಒಳಗೆ ಆಸರೆಗೆ ಕೊಟ್ಟ ಹಲಗೆ ತುಂಡು ಮುದ್ರೆಯಿಲ್ಲದ್ದಾದರೂ ಇಡೀ ಸರಕು ಬಂದರಿನಲ್ಲೇ ಕೂರುತ್ತದೆ, ಕಂಟೇನರ್ ಬಾಡಿಗೆ ಓಡುತ್ತಿರುತ್ತದೆ. ಸುಂಕ ವಿನಾಯಿತಿ ಪತ್ರವೂ ಅಷ್ಟೇ: ಹಡಗು ಬರುವ ಮೊದಲೇ ಸಂಸ್ಥೆಯ ಕೈಯಲ್ಲಿರಬೇಕು.

ಬಿಡಿಭಾಗಗಳ ಪಟ್ಟಿಯನ್ನು ಪ್ರತ್ಯೇಕ ದರದೊಂದಿಗೆ ಕೊಡಿ: ಬುಶಿಂಗ್, ಗ್ಯಾಸ್ಕೆಟ್, ಫ್ಯೂಸ್, ಸರ್ಜ್ ಅರೆಸ್ಟರ್. ಜೊತೆಗೆ ಅವರ ಉಗ್ರಾಣದಲ್ಲಿ ಈಗಾಗಲೇ ಯಾವ ಮಾದರಿಯವು ಇವೆ ಎಂದು ಕೇಳಿ, ಅದಕ್ಕೆ ಹೊಂದುವಂತೆ ನಿಮ್ಮದನ್ನು ಮಾಡಿ. ಸಣ್ಣ ಸಂಸ್ಥೆಗೆ ಎರಡು ಬಗೆಯ ಬುಶಿಂಗ್ ದಾಸ್ತಾನು ಇಡುವುದೇ ಭಾರ.

ಸೋತ ಬಿಡ್‌ಗಳ ಬಗ್ಗೆ ವಿವರಣೆ ಕೇಳಿದ್ದೀರಾ? ವಿಶ್ವಬ್ಯಾಂಕ್ ನಿಯಮದ ಟೆಂಡರ್ ಆಗಿದ್ದರೆ, ಸಾಮಾನ್ಯವಾಗಿ ಗುತ್ತಿಗೆ ಕೊಡುವ ಉದ್ದೇಶದ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ಲಿಖಿತವಾಗಿ ಕೇಳಬೇಕು. ಬೇರೆ ಟೆಂಡರ್ ಆದರೆ ಗಡುವು ಅದರ ದಾಖಲೆಯಲ್ಲೇ ಇರುತ್ತದೆ. ಗಡುವು ದಾಟಿದ್ದರೂ ಖರೀದಿ ವಿಭಾಗಕ್ಕೆ ವಿನಯದಿಂದ ಒಂದು ಪತ್ರ ಬರೆದು, ನಿಮ್ಮ ಬಿಡ್ ಯಾವ ಹಂತದಲ್ಲಿ ನಿಂತಿತು ಎಂಬುದನ್ನಷ್ಟೇ ಕೇಳಿ. ಆ ಉತ್ತರ ಬಂದ ಮೇಲೆ ಮೂರನೇ ಬಿಡ್‌ಗೆ ಕೈಹಾಕಿ.