ಶುಕ್ರವಾರದೊಳಗೋ, ಶುಕ್ರವಾರದವರೆಗೋ?

ಪ್ರಶ್ನೆ: ಸರ್, ಆಫೀಸಿನ ಮೇಲ್‌ನಲ್ಲಿ ‘ಐ ವಿಲ್ ಸೆಂಡ್ ದ ರಿಪೋರ್ಟ್ ಅಂಟಿಲ್ ಫ್ರೈಡೇ’ ಎಂದು ಬರೆದಿದ್ದೆ. ಮ್ಯಾನೇಜರ್ ‘ಅಂಟಿಲ್’ ತೆಗೆದು ‘ಬೈ’ ಹಾಕಿಸಿದರು. ಎರಡಕ್ಕೂ ಏನು ವ್ಯತ್ಯಾಸ? ಇನ್ನೊಂದು: ‘ಇನ್ ದ ಮಾರ್ನಿಂಗ್’ ಸರಿಯಾದರೆ ‘ಇನ್ ಮಂಡೇ ಮಾರ್ನಿಂಗ್’ ಯಾಕೆ ತಪ್ಪು?

ಉತ್ತರ: ಎರಡನೆಯದು ಸುಲಭ, ಮೊದಲು ಅದನ್ನೇ ಮುಗಿಸೋಣ. ಗಡಿಯಾರದ ಹೊತ್ತಿಗೆ ‘ಅಟ್’, ವಾರಕ್ಕೂ ತಾರೀಖಿಗೂ ‘ಆನ್’, ತಿಂಗಳಿಗೂ ವರ್ಷಕ್ಕೂ ‘ಇನ್’. ಬರೀ ಬೆಳಿಗ್ಗೆ, ಸಂಜೆ ಎಂದರೆ ‘ಇನ್’. ಜೊತೆಗೆ ವಾರದ ಹೆಸರು ಬಂತೋ, ಅದರದ್ದೇ ಕಾರುಬಾರು: ‘ಆನ್ ಮಂಡೇ ಮಾರ್ನಿಂಗ್’. ‘ನೈಟ್’ಗೆ ಮಾತ್ರ ‘ಅಟ್ ನೈಟ್’, ಅದು ರೂಢಿ. ‘ಆನ್ ನೆಕ್ಸ್ಟ್ ಮಂಡೇ’ ಎಂದು ಬರೆಯುವವರು ಜಾಸ್ತಿ. ‘ನೆಕ್ಸ್ಟ್’, ‘ಲಾಸ್ಟ್’, ‘ಎವ್ರಿ’ ಇದ್ದಾಗ ಹಿಂದೆ ಏನೂ ಬೇಡ.

ಈಗ ನಿಮ್ಮ ಮ್ಯಾನೇಜರ್ ವಿಷಯ. ತಿದ್ದಿದ್ದು ಸರಿಯಾಗಿಯೇ ಇದೆ. ‘ಅಂಟಿಲ್ ಫ್ರೈಡೇ’ ಎಂದರೆ ಶುಕ್ರವಾರದವರೆಗೂ ಒಂದು ಕೆಲಸ ನಡೆಯುತ್ತಲೇ ಇರುತ್ತದೆ ಎಂದರ್ಥ. ರಿಪೋರ್ಟನ್ನು ದಿನವೂ ಕಳಿಸುತ್ತಾ ಕೂರುತ್ತೀರಾ? ಇಲ್ಲ ಅಲ್ವಾ! ಒಂದು ಸಲ ಕಳಿಸಿ ಮುಗಿಸುವುದಕ್ಕೆ ಗಡುವು ಹೇಳುವಾಗ ‘ಬೈ’. ‘ಐ ವಿಲ್ ಬಿ ಇನ್ ದ ಆಫೀಸ್ ಅಂಟಿಲ್ ಫೈವ್’ ಎಂದರೆ ಐದರವರೆಗೆ ಇರುತ್ತೀರಿ, ಆಮೇಲೆ ಹೊರಡುತ್ತೀರಿ. ಅಲ್ಲೇ ‘ಬೈ ಫೈವ್’ ಎಂದರೆ ಐದರೊಳಗೆ ಬಂದು ಸೇರುತ್ತೀರಿ. ನೋಡಿ, ಅರ್ಥ ಪೂರ್ತಿ ತಿರುಗಿಬಿಟ್ಟಿತು. ‘ಬೈ ಫ್ರೈಡೇ’ಯಲ್ಲಿ ಶುಕ್ರವಾರವೂ ಸೇರಿದೆ. ಗುರುವಾರಕ್ಕೇ ಮುಗಿಯಬೇಕಿದ್ದರೆ ‘ಬಿಫೋರ್ ಫ್ರೈಡೇ’ ಎನ್ನಿ.

ನೀವು ಕೇಳದಿದ್ದರೂ ಇನ್ನೊಂದು ಹೇಳಿಬಿಡುತ್ತೇನೆ, ನನ್ನ ಕೈಗೆ ಬರುವ ಪತ್ರಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇದು: ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್’. ‘ಐದು ವರ್ಷದಿಂದ’, ‘2019ರಿಂದ’ ಎರಡಕ್ಕೂ ನಮಗೆ ಒಂದೇ ‘ಇಂದ’ ಸಾಕು. ಇಂಗ್ಲಿಷಿಗೆ ಸಾಲದು. ಶುರುವಾದ ಹೊತ್ತು ಹೇಳಿದರೆ ‘ಸಿನ್ಸ್ 2019’, ಎಷ್ಟು ಕಾಲ ಎಂದು ಹೇಳಿದರೆ ‘ಫಾರ್ ಫೈವ್ ಇಯರ್ಸ್’. ಕ್ರಿಯಾಪದವನ್ನೂ ಬಿಡಬೇಡಿ. ‘ಆಮ್ ವರ್ಕಿಂಗ್’ ಅಲ್ಲ, ‘ಹ್ಯಾವ್ ಬೀನ್ ವರ್ಕಿಂಗ್’. ಬರೀ ‘ಸಿನ್ಸ್’ ತಿದ್ದಿ ಇದನ್ನು ಹಾಗೇ ಬಿಡುವವರೇ ಬಹಳ ಜನ.

ಹಾಗೇ, ‘ಐ ವಿಲ್ ಕಾಲ್ ಇನ್ ಆ್ಯನ್ ಅವರ್’ ಎಂದು ಯಾರಾದರೂ ಬರೆದರೆ ಹತ್ತು ನಿಮಿಷಕ್ಕೇ ಫೋನ್ ಕಾಯಬೇಡಿ. ಇನ್ನೊಂದು ಗಂಟೆ ಬಿಟ್ಟು ಮಾಡುತ್ತಾರೆ. ಗಂಟೆಯೊಳಗೆ ಯಾವಾಗಲಾದರೂ ಎನ್ನುವುದಕ್ಕೆ ‘ವಿದಿನ್’.