ನೋಡದೇ ಇದ್ದ ಶೋಧದ ಪಂಚನಾಮೆಗೆ ಸಹಿ ಹಾಕಬಹುದಾ?

ಅಂಕೋಲಾದಲ್ಲಿ ನಿಮ್ಮ ಅಂಗಡಿಯ ಹಿಂದಿನ ಮನೆಯನ್ನು ಪೊಲೀಸರು ಶೋಧ ಮಾಡಿದ್ದಾರೆ. ನೀವು ಒಳಗೆ ಹೋಗಿಯೇ ಇಲ್ಲ. ಈಗ ಪಂಚರಾಗಿ, ಅಂದರೆ ಶೋಧ ಕಣ್ಣಾರೆ ಕಂಡ ಸಾಕ್ಷಿಯಾಗಿ, ಪಂಚನಾಮೆ ಕಾಗದಕ್ಕೆ ಸಹಿ ಹಾಕಿ ಅಂತಿದ್ದಾರೆ, ದಿನಾ ಮುಖ ನೋಡುವವರಿಗೆ ಇಲ್ಲ ಅನ್ನುವುದು ಹೇಗೆ ಅಂತ ಕೇಳಿದ್ದೀರಿ.

ಹಾಕಬೇಡಿ. ನಾನು ಒಮ್ಮೆ ಹಾಕಿದ್ದೆ, ಅದಕ್ಕೇ ಹೇಳುತ್ತಿದ್ದೇನೆ.

ಕಾರವಾರದ ಹತ್ತಿರ ಹೆದ್ದಾರಿ ಪಕ್ಕ ನನ್ನ ಚಹಾ ಅಂಗಡಿ. ಕೆಲವು ವರ್ಷಗಳ ಹಿಂದೆ ಒಂದು ರಾತ್ರಿ, ಗೋವಾ ಸರಾಯಿ ಹಿಡಿದಿದ್ದೇವೆ ಅಂತ ಕಾಗದ ತಂದರು. "ಸುಮ್ನೆ ಒಂದು ಸಹಿ ಅಣ್ಣಾ." ಚಹಾ ಗ್ಲಾಸು ಪಕ್ಕಕ್ಕೆ ಸರಿಸಿ ಹಾಕಿಬಿಟ್ಟೆ. ಗ್ಲಾಸಿನ ತಳ ತಾಗಿ ಕಾಗದದ ಮೂಲೆಯಲ್ಲಿ ದುಂಡಗೆ ಕಲೆ ಬಿತ್ತು. ಯಾರ ಗಾಡಿ, ಎಷ್ಟು ಬಾಟಲಿ, ಒಂದೂ ನೋಡಲಿಲ್ಲ.

ಮೂರು ವರ್ಷ ಕಳೆದು ಸಮನ್ಸ್ ಬಂತು. ಕಟಕಟೆಯಲ್ಲಿ ವಕೀಲರು ಅದೇ ಕಾಗದ ಮುಂದೆ ಹಿಡಿದರು. ಕಲೆ ಹಾಗೇ ಇತ್ತು. ಬಾಟಲಿ ಇದ್ದದ್ದು ಡಿಕ್ಕಿಯಲ್ಲಾ, ಸೀಟಿನ ಕೆಳಗಾ ಅಂತ ಕೇಳಿದರು. ಪ್ರಮಾಣ ಮಾಡಿ ನಿಂತವನು ಏನು ಹೇಳಲಿ? ನೋಡಿಲ್ಲ ಅಂದೆ. ಪ್ರತಿಕೂಲ ಸಾಕ್ಷಿ, ಅಂದರೆ ಕರೆಸಿದವರಿಗೇ ತಿರುಗಿಬಿದ್ದವನು, ಅಂತ ಬರೆದುಕೊಂಡರು. ಸರಾಯಿ ಕೇಸಿನ ಆರೋಪಿ ಹುಡುಗ ಬಿಡುಗಡೆಯಾದ. ಅವನು ತಪ್ಪು ಮಾಡಿದ್ದರೆ ನನ್ನ ಸಹಿಯಿಂದಲೇ ತಪ್ಪಿಸಿಕೊಂಡ. ಮಾಡಿಲ್ಲದಿದ್ದರೆ ಅದೇ ಸಹಿಯಿಂದ ಮೂರು ವರ್ಷ ಕೋರ್ಟು ಅಲೆದ. ಯಾವುದು ನಿಜ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಅದು ಜಾಸ್ತಿ ಕೊರೆಯುತ್ತದೆ.

ಕಾನೂನು ಹೇಳುವುದು ಸರಳ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ಸಿಆರ್‌ಪಿಸಿ ಜಾಗಕ್ಕೆ ಬಂದ ಕಾನೂನು) 103ನೇ ಕಲಮಿನ ಪ್ರಕಾರ ಶೋಧ ಶುರುವಾಗುವ ಮೊದಲೇ ಊರಿನ ಇಬ್ಬರನ್ನಾದರೂ ಕರೆಯಬೇಕು. ಶೋಧ ಅವರ ಎದುರೇ ನಡೆಯಬೇಕು. ಸಿಕ್ಕಿದ ವಸ್ತುಗಳ ಪಟ್ಟಿಗೆ ಅವರು ಸಹಿ ಹಾಕಬೇಕು. 2024ರ ಜುಲೈ 1ರಿಂದ ಶೋಧದ ವಿಡಿಯೊ ಕೂಡ ಮಾಡಲೇಬೇಕು. ಅದರಲ್ಲಿ ನೀವು ಇರುವುದೇ ಇಲ್ಲ ಅಲ್ವಾ?

ಇಲ್ಲ ಅಂದರೆ ಕೇಸು ಹಾಕುತ್ತಾರೆ ಅನ್ನುವ ಹೆದರಿಕೆ ಇರಬಹುದು. ಶೋಧ ನೋಡಲು ಬನ್ನಿ ಅಂತ ಬರವಣಿಗೆಯಲ್ಲಿ ಕರೆದಾಗ, ಸರಿಯಾದ ಕಾರಣ ಇಲ್ಲದೆ ಹೋಗದಿದ್ದರೆ ಅದು ಅಪರಾಧ, ನಿಜ. ಮುಗಿದುಹೋದ ಶೋಧವನ್ನು ಕಣ್ಣಾರೆ ಕಂಡೆ ಅಂತ ಬರೆದುಕೊಡದಿರುವುದು ಅಪರಾಧವಲ್ಲ.

ಹಾಗಂತ ಪಂಚರಾಗುವುದೇ ಬೇಡ ಅನ್ನಬೇಡಿ. ಯಾರೂ ಹೋಗದಿದ್ದರೆ ನನ್ನಂಥ ಸಹಿಗಳೇ ಉಳಿಯುತ್ತವೆ. ಹೋಗಿ, ನೋಡಿ, ಪೂರ್ತಿ ಓದಿ. ಖಾಲಿ ಬಿಟ್ಟ ಸಾಲಿದ್ದರೆ ಗೆರೆ ಎಳೆಯಲು ಹೇಳಿ. ಸಹಿಯ ಕೆಳಗೆ ಹೊತ್ತು, ತಾರೀಖು ನಿಮ್ಮ ಕೈಯಲ್ಲೇ ಬರೆಯಿರಿ.

ಈಗ ಬಂದವರಿಗೆ ಇಷ್ಟು ಹೇಳಿದರೆ ಸಾಕು: "ಸಾಹೇಬ್ರೇ, ನಾನು ಒಳಗೆ ಬಂದಿರಲಿಲ್ಲ. ಮುಂದಿನ ಸಲ ಮೊದಲೇ ಕರೀರಿ, ಅಂಗಡಿ ಬಾಗಿಲು ಹಾಕಿ ಬರ್ತೇನೆ."