60 ಲೀಟರ್ ವರ್ಟ್ ತಣಿಸಲು ಯಾವ ಚಿಲ್ಲರ್?

ಪ್ರಶ್ನೆ: ಪುಣೆಯಲ್ಲಿ ಪರವಾನಗಿ ಇರುವ ಮೈಕ್ರೊಬ್ರೂವರಿಯೊಂದರಲ್ಲಿ (ಬಿಯರ್ ತಯಾರಿಸುವ ಚಿಕ್ಕ ಘಟಕ) ಕೆಲಸ ಮಾಡುತ್ತೇನೆ. ಪ್ರಯೋಗದ ಬ್ಯಾಚನ್ನು 20 ಲೀಟರಿನಿಂದ 60ಕ್ಕೆ ಏರಿಸಿದ್ದೇವೆ. ಹಳೆಯ ಎಂಟು ಮೀಟರಿನ, 3/8 ಇಂಚಿನ ತಾಮ್ರದ ಸುರುಳಿ ಹಾಕಿ ಅದರೊಳಗೆ ಒಂದೂವರೆ ಗಂಟೆ ನೀರು ಬಿಟ್ಟರೂ ವರ್ಟ್ (ಹುದುಗುವ ಮೊದಲಿನ, ಕುದಿಸಿದ ಮಾಲ್ಟ್ ರಸ) 38 ಡಿಗ್ರಿಗೇ ನಿಂತುಬಿಡುತ್ತದೆ. ಪ್ಲೇಟ್ ಚಿಲ್ಲರ್ (ತೆಳು ಲೋಹದ ಹಾಳೆಗಳ ನಡುವೆ ವರ್ಟ್, ನೀರು ಹರಿಸಿ ತಣಿಸುವ ಸಾಧನ) ಕೊಂಡರೆ ಸರಿಹೋಗುತ್ತದೆಯೇ?

ಉತ್ತರ: ದುಡ್ಡು ಬಿಚ್ಚುವ ಮೊದಲು ನಲ್ಲಿಯ ನೀರಿಗೆ ಥರ್ಮಾಮೀಟರ್ ಹಿಡಿಯಿರಿ. ಮೇ ತಿಂಗಳಲ್ಲಿ ತಾರಸಿ ಟ್ಯಾಂಕಿನ ನೀರು 34 ಡಿಗ್ರಿ ಇದ್ದರೆ, ಎಷ್ಟು ದುಬಾರಿ ಚಿಲ್ಲರ್ ತಂದರೂ ವರ್ಟ್ ಅದಕ್ಕಿಂತ ಕೆಳಗಿಳಿಯದು. ನಿಮಗಿರುವುದು ಎರಡು ತೊಂದರೆ: ಸುರುಳಿ ಚಿಕ್ಕದು, ನೀರು ಬಿಸಿ. ಪ್ಲೇಟ್ ಚಿಲ್ಲರ್ ಮೊದಲನೆಯದನ್ನಷ್ಟೇ ನೀಗಿಸುತ್ತದೆ. ಅದರ ಮೇಲೆ ಹಾಪ್ಸ್ (ಬಿಯರಿಗೆ ಕಹಿ ಕೊಡುವ ಹೂವು) ಚೂರು, ಗಸಿ ಒಳಗೆ ಸಿಕ್ಕಿಕೊಳ್ಳುತ್ತವೆ. ಬೆಸೆದ ಪ್ಲೇಟುಗಳನ್ನು ಬಿಚ್ಚಿ ನೋಡುವಂತಿಲ್ಲ. ಈ ಅಳತೆಗೆ ನಾವು ಅದನ್ನು ಹೇಳುವುದಿಲ್ಲ.

ಎಸಿ ರಿಪೇರಿ ಸಾಮಾನಿನ ಅಂಗಡಿಯಲ್ಲಿ ಅರ್ಧ ಇಂಚಿನ ಮೆದು ತಾಮ್ರದ ಕೊಳವೆ 15 ಮೀಟರಿನ ರೋಲಿನಲ್ಲಿ ಸಿಗುತ್ತದೆ. ಖಾಲಿ 14.2 ಕೆಜಿ ಗ್ಯಾಸ್ ಸಿಲಿಂಡರಿಗೆ ನಿಧಾನವಾಗಿ ಸುತ್ತಿದರೆ ಸುಮಾರು 13 ಸುತ್ತು ಬರುತ್ತದೆ. ಅವಸರಪಟ್ಟರೆ ಕೊಳವೆ ಮಡಚಿಕೊಳ್ಳುತ್ತದೆ, ಒಳಗೆ ನುಣ್ಣನೆ ಮರಳು ತುಂಬಿಕೊಂಡು ಬಗ್ಗಿಸಿ. ಈಗಿನದಕ್ಕಿಂತ ಮೇಲ್ಮೈ ಎರಡೂವರೆ ಪಟ್ಟು ಹೆಚ್ಚುತ್ತದೆ. ಕುದಿ ಮುಗಿಯಲು 15 ನಿಮಿಷ ಇರುವಾಗ ಇಳಿಬಿಡಿ, ಅಲ್ಲೇ ಶುದ್ಧವಾಗುತ್ತದೆ.

ಸೌಟಾಡಿಸುವುದನ್ನು ಮಾತ್ರ ಬಿಡಬೇಡಿ. ಸುರುಳಿಗೆ ತಾಗಿದ ವರ್ಟ್ ತಣಿದು ಹೊದಿಕೆಯಂತೆ ಅಲ್ಲೇ ನಿಲ್ಲುತ್ತದೆ. ಹೊರಬರುವ ನೀರಿನ ಪೈಪು ಮುಟ್ಟಿಕೊಂಡು ಸೌಟು ಆಡಿಸಿ: ಬೆಚ್ಚಗಿದ್ದ ಪೈಪು ಒಮ್ಮೆಗೇ ಕೈ ಚುರ್ ಎನ್ನಿಸುತ್ತದೆ. ಅಷ್ಟು ಶಾಖ ಸುಮ್ಮನೆ ಒಳಗೇ ಕುಳಿತಿತ್ತು.

ಇನ್ನು ಐಸು. 100ರಿಂದ 40 ಡಿಗ್ರಿವರೆಗೆ ನಲ್ಲಿ ನೀರೇ ಸಾಕು. 150–200 ಲೀಟರ್ ಬೇಕಾದೀತು, ಡ್ರಮ್ಮಿಗೆ ಹಿಡಿದು ಪಾತ್ರೆ ತೊಳೆಯಲು ಬಳಸಿ. 40ಕ್ಕೆ ಇಳಿದ ಮೇಲೆ ಟಬ್ಬಿನಲ್ಲಿ ಐಸು-ನೀರು ಇಟ್ಟು, ಪಂಪಿನಿಂದ ಸುರುಳಿಯಲ್ಲಿ ಸುತ್ತಿಸಿ. 20 ಡಿಗ್ರಿಗೆ ತರಲು ಲೆಕ್ಕದಲ್ಲಿ 13 ಕೆಜಿ ಐಸು. ಸೋರಿಕೆ, ಬಿಸಿಲು ಸೇರಿ 20 ಕೆಜಿ ಇಟ್ಟುಕೊಳ್ಳಿ. ಮೊದಲಿನಿಂದಲೇ ಐಸು ಸುರಿದರೆ 50 ಕೆಜಿಯೂ ಸಾಲದು. ಚಿಕ್ಕ ಕೂಲರ್ ಪಂಪು ಇಷ್ಟುದ್ದದ ಕೊಳವೆಗೆ ಸೋತು ನೂಲಿನಂತೆ ನೀರು ಬಿಡುತ್ತದೆ, 3 ಮೀಟರಿಗಿಂತ ಹೆಚ್ಚು ಹೆಡ್ (ನೀರನ್ನು ಮೇಲಕ್ಕೆತ್ತಬಲ್ಲ ಎತ್ತರ) ಇರುವುದನ್ನೇ ಕೇಳಿ.

ವರ್ಟ್ 80 ಡಿಗ್ರಿಯ ಕೆಳಗಿಳಿಯುವುದು ತಡವಾದರೆ ಹಾಪ್ಸಿನ ಕಹಿ ಏರುತ್ತಲೇ ಇರುತ್ತದೆ. ಪಿಲ್ಸ್ನರ್ ಮಾಲ್ಟ್ (ತಿಳಿ ಬಣ್ಣದ ಮಾಲ್ಟ್) ಆಗಿದ್ದರೆ ಬೇಯಿಸಿದ ಮೆಕ್ಕೆಜೋಳದ ವಾಸನೆಯೂ ಸೇರುತ್ತದೆ. 60ರ ಕೆಳಗಿನ ಗಂಡಾಂತರ ಬೇರೆ, ಅದು ಬ್ಯಾಕ್ಟೀರಿಯಾದ್ದು. ಅಲ್ಲಿಂದ ಸೌಟು, ಮುಚ್ಚಳ ಎಲ್ಲವೂ ಸ್ಯಾನಿಟೈಸರ್ ಕಂಡಿರಬೇಕು.

ಸುರುಳಿಯ ಎರಡೂ ತುದಿಗಳನ್ನು ಪಾತ್ರೆಯ ಅಂಚಿನಾಚೆ ಬಗ್ಗಿಸಿ, ಹೋಸ್ ಕ್ಲಿಪ್ಪನ್ನು ಅಲ್ಲೇ ಬಿಗಿಯಿರಿ. ಜಾಯಿಂಟು ತೊಟ್ಟಿಕ್ಕಿದರೂ ನಲ್ಲಿ ನೀರು ನೆಲಕ್ಕೆ ಬೀಳಲಿ, ವರ್ಟಿಗಲ್ಲ.